ದಿನಕ್ಕೆ ಅರ್ಧ ಗಂಟೆ

ಗೇಜಣ್ಣನೆಂದೇ ಎಲ್ಲರೂ ಕರೆಯುತ್ತಿದ್ದ ಆತ ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದನು. ತೀರಿಕೊಂಡಾಗ ನಲವತ್ತೊಂಬತ್ತು ವರ್ಷ. ಹೆಂಡತಿ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಒಬ್ಬಳೇ ಮಗಳು, ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಳು. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದು ನೆಲೆಸಿದ ಅಕ್ಕನೂ ಸೇರಿ ಎರಡು ಕೋಣೆಯ ಮನೆಯಲ್ಲಿ ನಾಲ್ವರು.

ಅವನ ಕೆಲಸವೆಂದರೆ ಕಾಯುವುದು. ಕೆಳಗೆ ಕಟ್ಟಿಗೆಯ ಉರಿ, ನಡುವೆ ನೀರು, ಮೇಲೆ ಆವಿ. ಆವಿಯ ಒತ್ತಡ ಹೇಳಲು ಒಂದು ಗೇಜು, ನೀರಿನ ಮಟ್ಟ ತೋರಿಸಲು ಒಂದು ಗಾಜಿನ ಕೊಳವೆ. ಇವೆರಡನ್ನೂ ಗಂಟೆಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಇಪ್ಪತ್ತೆರಡು ವರ್ಷ ಅವನು ನೋಡದೆ ಬರೆದದ್ದಿಲ್ಲ. ಗೇಜಣ್ಣನಿಗೆ ಜ್ವರ ಬಂದರೆ ಡಾಕ್ಟರರು ಬೇಡ, ಕಂಕುಳಿಗೊಂದು ಗೇಜು ಸಿಕ್ಕಿಸಿದರೆ ತಾನೇ ಓದಿಕೊಳ್ಳುತ್ತಾನೆ ಎಂದು ಇಸ್ತ್ರಿಯ ಹೆಂಗಸರು ನಗುತ್ತಿದ್ದರು. ಹೊಸದಾಗಿ ಸೇರಿದವರಿಗೆ ಅವನು ಕಲಿಸುತ್ತಿದ್ದ ಪಾಠ ಎರಡೇ. ಒಂದು, ಆವಿಯನ್ನು ಪೂರ್ತಿ ಕಟ್ಟಿಹಾಕಬಾರದು, ಆಗಾಗ ಸ್ವಲ್ಪ ಬಿಡುತ್ತಿರಬೇಕು. ಎರಡು, ಗಾಜಿನಲ್ಲಿ ನೀರು ಕಾಣದೆ ಹೋದರೆ ಗಾಬರಿಯಿಂದ ನೀರು ಬಿಡಬಾರದು, ಮೊದಲು ಉರಿಯನ್ನು ಹೊರಗೆಳೆಯಬೇಕು. ಕಾದು ಕೆಂಪಾದ ಕಬ್ಬಿಣಕ್ಕೆ ತಣ್ಣೀರು ತಾಗಿದರೆ ಅದು ಸೀಳುತ್ತದೆ.

ಕಾಯುವ ಕೆಲಸದವನ ಕೈಗೆ ಫೋನು ಬಂದರೆ ಏನಾಗುತ್ತದೆ ಎಂಬುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಪರದೆಯ ಮೇಲೆ ಮೂರು ಬಣ್ಣಗಳು, ಯಾವುದು ಬರುತ್ತದೆಂದು ಹಣ ಕಟ್ಟಬೇಕು, ನಿಮಿಷಕ್ಕೊಂದು ಆಟ. ಮೊದಲ ವಾರ ಗೆದ್ದನು. ಗೆದ್ದ ಆ ವಾರವೇ ಅವನಿಗೆ ಶನಿಯಾಯಿತು. ವರ್ಷ ತುಂಬುವಷ್ಟರಲ್ಲಿ ಅಕ್ಕನ ಕೈಬಳೆಗಳೂ ಮಗಳ ಕಾಲೇಜಿನ ಶುಲ್ಕವೂ ಆ ಮೂರು ಬಣ್ಣಗಳಲ್ಲಿ ಕರಗಿದವು.

ಕಾಲೇಜಿನಿಂದ ಮಗಳನ್ನು ಹಿಂದಕ್ಕೆ ಕಳುಹಿಸಿದ ದಿನ ಎಲ್ಲವೂ ಬಯಲಾಯಿತು. ಹೆಂಡತಿ ಕೂಗಾಡಲಿಲ್ಲ. ಜೂಜು ಬಿಡಲು ನೆರವಾಗುವ ಸಹಾಯವಾಣಿಯೊಂದಕ್ಕೆ ಫೋನು ಮಾಡಿ ಗಂಡನ ಕೈಗಿತ್ತಳು. ಆ ಕಡೆಯ ಹೆಂಗಸು ಸಮಾಧಾನದಿಂದ ಎಲ್ಲವನ್ನೂ ಕೇಳಿ, ಆಟದ ಖಾತೆಯನ್ನು ಒಂದು ವರ್ಷ ಪೂರ್ತಿ ಮುಚ್ಚುವ ವ್ಯವಸ್ಥೆಯುಂಟು, ನಿಮ್ಮಂಥವರಿಗೆ ಅದೇ ಒಳ್ಳೆಯದು ಎಂದಳು. ದಿನಕ್ಕಿಷ್ಟೆಂದು ಮಿತಿ ಹಾಕಿಕೊಳ್ಳುವ ವ್ಯವಸ್ಥೆಯೂ ಇದೆ, ಆದರೆ ಅದು ಇನ್ನೂ ಕೈಮೀರದವರಿಗೆ ಎಂದೂ ಸ್ಪಷ್ಟವಾಗಿಯೇ ಹೇಳಿದಳು.

ಗೇಜಣ್ಣ ಎರಡನೆಯದನ್ನೇ ಆರಿಸಿಕೊಂಡನು.

"ಪೂರ್ತಿ ಮುಚ್ಚಿದ್ರೆ ಒಡೆಯುತ್ತೆ ಕಣೇ," ಎಂದನು ಹೆಂಡತಿಗೆ. "ದಿನಾ ಸ್ವಲ್ಪ ಬಿಡ್ತಾ ಇದ್ರೆ ಏನೂ ಆಗಲ್ಲ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡ್ಕೊಂಡು ಬಂದಿದ್ದೀನಿ."

"ಅಲ್ಲಿ ಕಟ್ಟಿಗೆ ಹಾಕೋರು ನೀವೇ, ಆವಿ ಬಿಡೋರೂ ನೀವೇ," ಎಂದಳು ಅವಳು. "ಇಲ್ಲಿ ಕಟ್ಟಿಗೆ ಹಾಕೋನು ಬೇರೆ ಇದ್ದಾನೆ. ಅವನಿಗೆ ಕೈ ಸೋಲೋದೇ ಇಲ್ಲ."

ಅವನು ಒಪ್ಪಲಿಲ್ಲ. ತಿಳಿಯದೆ ಮಾಡಿದ ತಪ್ಪೆಂದು ಇದನ್ನು ಕರೆಯಲಾರೆ. ಬಲ್ಲ ಕೆಲಸವೊಂದರ ಜಂಬವನ್ನು ಅರಿಯದ ಕೇಡಿನ ಮೇಲೆ ಹೊದಿಸಿದ್ದು ಅವನ ತಪ್ಪು. ಕೊನೆಗೆ ದಿನಕ್ಕೆ ಅರ್ಧ ಗಂಟೆ, ಎರಡು ಲೋಟ ಚಹಾದ ಬೆಲೆ ಎಂದು ಮಿತಿ ನಿಗದಿಯಾಯಿತು. ಮಿತಿಯನ್ನು ಬದಲಿಸುವ ಗುಟ್ಟಿನ ಅಂಕಿಯನ್ನು ಹೆಂಡತಿಯೇ ಹಾಕಿ ತನ್ನಲ್ಲೇ ಇಟ್ಟುಕೊಂಡಳು. ಒಂದು ಸಲ ದಾಟಿದರೂ ಮಗಳನ್ನು ಕರೆದುಕೊಂಡು ಹೊರಟುಬಿಡುವೆನೆಂದಳು. ಅವಳು ಸುಮ್ಮನೆ ಬೆದರಿಸುವ ಜಾತಿಯಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಳಗಿನಿಂದ ಅಕ್ಕ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಿದ್ದೀರಿ, ಹಾಕಿ ಹಾಕಿ, ಎಂದಳು.

ನಾಲ್ಕು ತಿಂಗಳು ಅವನು ಮಿತಿ ಮೀರಲಿಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಆಡಿ, ಪರದೆ ತಾನಾಗಿ ಮುಚ್ಚಿದೊಡನೆ ಫೋನನ್ನು ಕಪಾಟಿನಲ್ಲಿಟ್ಟು ಬಾಯ್ಲರಿನ ಮುಂದೆ ಕೂರುತ್ತಿದ್ದನು. ಮಗಳು ಮತ್ತೆ ಕಾಲೇಜಿಗೆ ಹೋದಳು. ಅದೇ ಆಟಕ್ಕೆ ಸಿಕ್ಕಿಬಿದ್ದಿದ್ದ ಲಾರಿ ಡ್ರೈವರನೊಬ್ಬನಿಗೆ ಗೇಜಣ್ಣ ಬುದ್ಧಿ ಹೇಳುವಷ್ಟಾದನು. ಡ್ರೈವರ್ ನಕ್ಕು, ಅಣ್ಣಾ, ನೀನು ಹೀಗೇ ಆದರೆ ಆಟದ ಕಂಪನಿಯವರು ಬಾಗಿಲು ಹಾಕಿಕೊಂಡು ನಿನ್ನ ಹತ್ತಿರ ಕಟ್ಟಿಗೆ ಹೊರಲು ಬರುತ್ತಾರೆ ಎಂದನಂತೆ. ಆದರೆ ಆ ಅರ್ಧ ಗಂಟೆಯ ಹೊರಗೆ ಉಳಿದ ಇಪ್ಪತ್ತಮೂರೂವರೆ ಗಂಟೆ ಅವನು ಏನು ಮಾಡುತ್ತಿದ್ದನೆಂದು ಯಾರೂ ಕೇಳಲಿಲ್ಲ. ಅವನು ಆ ಅರ್ಧ ಗಂಟೆಗಾಗಿ ಕಾಯುತ್ತಿದ್ದನು. ಬಿಟ್ಟಷ್ಟೂ ಒತ್ತಡ ಏರುತ್ತಲೇ ಇತ್ತು.

ಲಾಂಡ್ರಿಯಲ್ಲಿ ಎರಡು ಬಾಯ್ಲರುಗಳಿದ್ದವು. ಒಂದನ್ನು ತೊಳೆಯಲು ನಿಲ್ಲಿಸಿದಾಗ ಇನ್ನೊಂದನ್ನು ಹಚ್ಚುವುದು ಪದ್ಧತಿ. ಐದನೆಯ ತಿಂಗಳಲ್ಲಿ ಅವನು ಫೋನಿನಲ್ಲಿ ಎರಡನೆಯ ಆಟವೊಂದನ್ನು ಹಾಕಿಕೊಂಡನು. ಮೊದಲನೆಯದರ ಮಿತಿ ಮುಗಿದ ದಿನ ಮಾತ್ರ ಎರಡನೆಯದು ಎಂದು ತನಗೆ ತಾನೇ ಕಟ್ಟು ಹಾಕಿಕೊಂಡನು. ಮಿತಿ ಮುಗಿಯದ ದಿನವೇ ಇರಲಿಲ್ಲ. ಹೆಂಡತಿ ಮಾತ್ರ ದಿನಾ ಸಂಜೆ ಮೊದಲನೆಯ ಆಟವನ್ನು ತೆರೆದು ನೋಡಿ, ಗಂಡನ ಮಾತು ಉಳಿದಿದೆಯೆಂದು ನೆಮ್ಮದಿಯಿಂದ ಮಲಗುತ್ತಿದ್ದಳು.

ನೀರು ಇಳಿದರೆ ಕೂಗುವ ಸೀಟಿಯೊಂದು ಬಾಯ್ಲರಿನಲ್ಲಿತ್ತು. ನೀರು ಕಾದು ಅದಕ್ಕೆ ಹಿಡಿಯುವ ಗಟ್ಟಿ ಸುಣ್ಣವನ್ನು ವಾರಕ್ಕೊಮ್ಮೆ ಕೆರೆದು ತೆಗೆಯಬೇಕು. ಆ ಕೆಲಸಕ್ಕೆ ಬೇಕಾದ ಹೊತ್ತನ್ನು ಎರಡನೆಯ ಆಟ ತಿಂದುಹಾಕಿತು. ಆರು ವಾರ ಸೀಟಿಯನ್ನು ಯಾರೂ ಮುಟ್ಟಲಿಲ್ಲ.

ಅಂದು ಬೆಳಗಿನ ಪಾಳಿ. ಹತ್ತೂವರೆಯ ಹೊತ್ತಿಗೇ ಅವನು ಮೊದಲನೆಯ ಆಟದ ಮಿತಿ ಮುಗಿಸಿ, ಎರಡನೆಯದರಲ್ಲಿ ಸೋತಿದ್ದನ್ನು ಹಿಂದಕ್ಕೆ ತರುವ ಹಟದಲ್ಲಿದ್ದನು. ಹನ್ನೊಂದು ಗಂಟೆಗೆ ಬರೆಯಬೇಕಾದ ಅಂಕಿಗಳನ್ನು ನೋಡದೆಯೇ ಮುಂಚಿತವಾಗಿ ಪುಸ್ತಕದಲ್ಲಿ ಬರೆದಿಟ್ಟಿದ್ದನು. ಬಾಯ್ಲರಿಗೆ ನೀರು ತುಂಬುವ ಪಂಪು ಯಾವಾಗಲೋ ನಿಂತಿತ್ತು. ಸುಣ್ಣ ಕಟ್ಟಿದ ಸೀಟಿ ಕೂಗಲಿಲ್ಲ. ತಲೆ ಎತ್ತಿದಾಗ ಗಾಜಿನಲ್ಲಿ ನೀರಿರಲಿಲ್ಲ.

ಮಾಡಬೇಕಾದ್ದೇನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿ ಇರಲಿಲ್ಲ. ಉರಿ ಎಳೆದರೆ ಲಾಂಡ್ರಿ ನಿಲ್ಲುತ್ತದೆ, ಮ್ಯಾನೇಜರು ಓಡಿಬರುತ್ತಾನೆ, ನೀರು ಇಳಿಯುವಾಗ ಎಲ್ಲಿ ನೋಡುತ್ತಿದ್ದೆ ಎಂದು ಕೇಳುತ್ತಾನೆ, ಸಂಜೆಯೊಳಗೆ ಆ ಪ್ರಶ್ನೆ ಹೆಂಡತಿಯ ಕಿವಿಗೆ ಬೀಳುತ್ತದೆ. ಆಗ ಅವನಿಂದ ಜೂಜುಗಾರ ಮಾಡುವ ಕೆಲಸವೇ ಆಯಿತು. ಇನ್ನೊಂದೇ ಸಲ ಎಂದುಕೊಂಡು, ಯಾರಿಗೂ ತಿಳಿಯುವ ಮೊದಲೇ ಸರಿಮಾಡುವೆನೆಂದು ಫೋನನ್ನು ಕಪಾಟಿಗೆ ಸೇರಿಸಿ ಪಂಪಿನ ಗುಂಡಿ ಒತ್ತಿದನು.

ಒಳಗಿನ ಕೊಳವೆಗಳು ಸೀಳಿ, ಉರಿಯ ಬಾಗಿಲು ಕಿತ್ತುಕೊಂಡು ಆವಿ ನುಗ್ಗಿತು. ಕೋಣೆಯಲ್ಲಿದ್ದವನು ಅವನೊಬ್ಬನೇ.

ಆಸ್ಪತ್ರೆಯಲ್ಲಿ ಮೂರು ದಿನ ಬದುಕಿದ್ದನು. ಎರಡನೆಯ ದಿನ ಮಧ್ಯಾಹ್ನ ಪ್ರಜ್ಞೆ ತಿಳಿಯಾಗಿತ್ತು. ಹೆಂಡತಿ ಒಂದು ಪಕ್ಕದಲ್ಲಿ, ಮಗಳು ಇನ್ನೊಂದು ಪಕ್ಕದಲ್ಲಿ ಕೂತಿದ್ದರು. ಇನ್ನೊಂದು ಆಟವಿತ್ತೆಂದು ಅವನಾಗಿಯೇ ಹೇಳಿದನು.

"ಎಷ್ಟು ದಿನದಿಂದ?" ಎಂದಳು ಹೆಂಡತಿ.

"ಆರು ವಾರ. ನೀನು ಹೋಗ್ತೀನಿ ಅಂದಿದ್ದೆ," ಎಂದನು.

"ಅಂದಿದ್ದೆ. ಈಗೆಲ್ಲಿಗೆ ಹೋಗಲಿ, ಸುಮ್ನಿರಿ."

"ಮುಚ್ಚಿಬಿಡು. ಎರಡನ್ನೂ."

ಅವನ ಕೈಗಳೆರಡಕ್ಕೂ ಬಟ್ಟೆ ಸುತ್ತಿತ್ತು. ಎರಡನೆಯ ಆಟ ತೆರೆಯುವ ಅಂಕಿಗಳನ್ನು ಅವನು ಒಂದೊಂದಾಗಿ ಹೇಳಿದನು, ಮಗಳು ಅವನ ಫೋನಿನಲ್ಲಿ ಒತ್ತಿದಳು. ನಿಜವಾಗಿಯೂ ಮುಚ್ಚಬೇಕೇ ಎಂದು ಆಟ ಮೂರು ಸಲ ಕೇಳಿತು. ಉಳಿದುಕೊಂಡರೆ ಉಚಿತವಾಗಿ ಹತ್ತು ಆಟ ಎಂದು ಆಸೆಯನ್ನೂ ತೋರಿಸಿತು. ಮಗಳು ಪ್ರತಿ ಸಲವೂ ಅಪ್ಪನ ಮುಖ ನೋಡಿದಳು, ಅವನು ಪ್ರತಿ ಸಲವೂ ಹೂಂ ಎಂದನು. ಮೂರನೆಯ ಸಲ ಹೂಂ ಎನ್ನಲು ಬಹಳ ಹೊತ್ತು ಹಿಡಿಯಿತು. ನೋವಿನಿಂದಲೋ ಬೇರೆಯದರಿಂದಲೋ, ಅದನ್ನು ಹೆಂಡತಿ ಇಂದಿಗೂ ಯಾರಿಗೂ ಹೇಳಿಲ್ಲ. ಮರುದಿನ ಬೆಳಗಾಗುತ್ತಲೇ ಹೋಗಿಬಿಟ್ಟನು.

ಅವನು ಬಿಟ್ಟುಹೋದದ್ದು: ಬಾಯ್ಲರ್ ನಡೆಸಲು ಅರ್ಹನೆಂಬ ಸರ್ಟಿಫಿಕೇಟು, ಚೌಕಟ್ಟು ಹಾಕಿದ್ದು. ಎರಡು ಜೊತೆ ಖಾಕಿ ಬಟ್ಟೆ; ಒಂದರ ಮೊಣಕೈಗೆ ಹೆಂಡತಿ ಹಾಕಿದ ತೇಪೆ. ಓದುವ ಕನ್ನಡಕ, ಬಲಗಡೆಯ ಕಾಲು ತಂತಿಯಿಂದ ಕಟ್ಟಿದ್ದು. ಮಗಳಿಗೆಂದು ಕೊಂಡು, ಕೊಡಲು ಹೊತ್ತು ಸಿಗದ ಒಂದು ಕೈಗಡಿಯಾರ. ಅಕ್ಕನಿಗೆ ತಿಂಗಳ ಮಾತ್ರೆ ತರುವ ಚೀಟಿ. ಲಾಂಡ್ರಿಯವರು ಕೊಡಲೊಪ್ಪದ ಪರಿಹಾರ. ತಪ್ಪು ಅವನದೆಂದು ಅವರು ಬರೆದ ಕಾಗದ, ಅದರಲ್ಲಿ ಸುಳ್ಳೊಂದೂ ಇಲ್ಲ. ತುಳಿದು ಹಿಮ್ಮಡಿ ಸವೆದ ಚಪ್ಪಲಿ.