ಬೇಲೆಕೇರಿಯಲ್ಲಿ ಬಿಟ್ಟುಬಂದ ಊಟ

ಕಳೆದ ವಾರ ಒಂದೇ ಮಧ್ಯಾಹ್ನದಲ್ಲಿ ನಾನು ಒಬ್ಬ ಅರಬನನ್ನು ಮೆಚ್ಚಿಸಿದೆ, ಸ್ವಂತ ತಮ್ಮನ ಮದುವೆಗೆ ಕಲ್ಲು ಹಾಕಿದೆ. ಎರಡಕ್ಕೂ ಕಾರಣ ಒಂದೇ. ನನಗೆ ಕೂತಲ್ಲಿ ಕೂರಲು ಬರುವುದಿಲ್ಲ.

ಈ ಅಂಕಣ ಓದುವವರಿಗೆ ಇದೇನು ಹೊಸ ಸುದ್ದಿಯಲ್ಲ. ಹಡಗಿನಲ್ಲಿ ಕ್ಲಾರ್ಕನಾಗಿ ದೇಶ ಸುತ್ತುವವನು ರಜೆಗೆಂದು ಹಬ್ಬುವಾಡದ ಮನೆಗೆ ಬಂದರೆ, ವಾರ ಕಳೆಯುವುದರೊಳಗೆ ಕಾಲು ಚಡಪಡಿಸತೊಡಗುತ್ತದೆ. ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಕಾರವಾರ ಬಂದರಿಗೆ. (ನನ್ನ ಹೆಜ್ಜೆ ಸಪ್ಪಳ ಕೇಳಿದರೇ ಹೆತ್ತ ಆಯಿಗೆ ತಲೆನೋವು.)

ಆಯಿಯೇ ನನ್ನನ್ನು ಬೇಲೆಕೇರಿಗೆ ಅಟ್ಟಿದ್ದು. ತಮ್ಮ ದತ್ತು ಸ್ಕೂಲು ಮಾಸ್ತರ. ಪಕ್ಕದ ಕಿನ್ನರ ಊರಿನ ಒಂದು ಮದುವೆಯಲ್ಲಿ ಬೇಲೆಕೇರಿಯ ಬೀರಣ್ಣನವರ ಮಗಳು ಸಾವಿತ್ರಿಯನ್ನು ನೋಡಿದಾಗಿನಿಂದ ಅವನಿಗೆ ಬೇರೆ ಧ್ಯಾನವಿಲ್ಲ. ಅಪ್ಪ ಇಲ್ಲದ ಮನೆ. ಹೆಣ್ಣು ನೋಡಲು ಹಿರಿಯನಾಗಿ ನಾನೇ ಹೋಗಬೇಕು.

ನಾನೂ ದತ್ತುವೂ ಹೋಗಿ ಅವರ ಜಗಲಿಯಲ್ಲಿ ಕೂತೆವು. ಸಾವಿತ್ರಿ ಬೆಲ್ಲ, ನೀರು ತಂದಿಟ್ಟಳು. ನನ್ನನ್ನು ನೆಟ್ಟಗೆ ನೋಡಿಯೇ ಇಟ್ಟಳು. ಚುರುಕು ಹುಡುಗಿ, ನನಗೂ ಹಿಡಿಸಿದಳು. ಇಷ್ಟರಲ್ಲಿ ನನ್ನ ಕಣ್ಣು ಬೀರಣ್ಣನವರ ಹೆಗಲ ಮೇಲಿಂದ ಸಮುದ್ರಕ್ಕೆ ಹೋಯಿತು. ಅಲ್ಲಿ ಒಂದು ಅರಬೀ ಹಾಯಿಹಡಗು ಲಂಗರು ಹಾಕಿ ನಿಂತಿದೆ. ಅದನ್ನು ಕಂಡ ಮೇಲೆ ನಾನೆಲ್ಲಿ ಜಗಲಿಯಲ್ಲಿರುತ್ತೇನೆ?

"ಒಂದ್ ತುತ್ತು ಉಂಡ್ಕಂಡೇ ಹೋಗಿ. ಎಲೆ ಹಾಕಾಯ್ತು" ಎಂದರು ಬೀರಣ್ಣನವರು. ಒಳಗಿನಿಂದ ಮೀನಿನ ಸಾರಿನ ಪರಿಮಳ ಬರುತ್ತಿತ್ತು.

"ಇನ್ನೊಮ್ಮೆ ಬಂದಾಗ ಉಣ್ವ" ಎಂದು ನಾನು ಎದ್ದೇಬಿಟ್ಟೆ. ದತ್ತು ಏನೋ ಹೇಳಲು ಬಾಯಿ ತೆರೆದ. ಹಿರಿಯರೆದುರು ಮದುವೆ ಗಂಡು ಮಾತಾಡುವುದುಂಟೆ? ಬಾಯಿ ಮುಚ್ಚಿಕೊಂಡು ಹಿಂದೆ ಬಂದ.

ಅವನನ್ನು ದಂಡೆಯ ಮೇಲೆ ಬಿಟ್ಟು ನಾನು ದೋಣಿ ಹತ್ತಿ ಹಡಗಿಗೆ ಹೋದೆ. ಗಡ್ಡದ ನಾಖ್ವಾ, ಎಂದರೆ ಆ ಹಡಗಿನ ಯಜಮಾನ, ಹರಕುಮುರುಕು ಹಿಂದೂಸ್ಥಾನಿಯಲ್ಲಿ ಸ್ವಾಗತಿಸಿ ಕಾಫಿ ಕೊಟ್ಟ. ಅರಬರ ಕಾಫಿಯ ರೀತಿ ಗೊತ್ತೆ ನಿಮಗೆ? ಹಿಡಿಯಿಲ್ಲದ ಪುಟ್ಟ ಬಟ್ಟಲು. ಬರಿದಾದಂತೆಲ್ಲ ತುಂಬುತ್ತಲೇ ಇರುತ್ತಾರೆ. ಸಾಕೆಂದರೆ ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಬೇಕು. ಮೊದಲ ಬಟ್ಟಲನ್ನೇ ಬೇಡವೆಂದರೆ ಮಾತ್ರ ಅವರ ಮನೆತನಕ್ಕೇ ಅವಮಾನ. ನಾನು ಕುಡಿದೆ, ಅಲುಗಾಡಿಸಿದೆ. ನಾಖ್ವಾನಿಗೆ ಎಷ್ಟು ಖುಷಿಯಾಯಿತೆಂದರೆ ಖರ್ಜೂರ ಕಟ್ಟಿಕೊಟ್ಟ. ರಂಗೂನಿನ ಪಗೋಡದ ಮೆಟ್ಟಿಲಲ್ಲಿ ಜೋಡು ಕಳಚುವುದು, ಮೊಂಬಾಸದಲ್ಲಿ ಒಂದೇ ತಟ್ಟೆಗೆ ಎಲ್ಲರೊಡನೆ ಕೈ ಹಾಕುವುದು, ಯಾವುದನ್ನು ಕಲಿತಿಲ್ಲ ನಾನು? ಬೀಗುತ್ತಲೇ ದಂಡೆಗೆ ಇಳಿದೆ.

ದತ್ತು ಉಸುಕಿನಲ್ಲಿ ಕೂತಿದ್ದ. ಖರ್ಜೂರ ನೀಡಿದೆ. ಮುಟ್ಟಲಿಲ್ಲ.

"ಅಣ್ಣಾ, ನೀ ಅಲ್ಲಿ ಉಣ್ಲಿಲ್ಲ."

"ಹಸಿವಿರ್ಲಿಲ್ಲ ಮಾರಾಯ."

"ಹೆಣ್ಣು ನೋಡುಕೆ ಹೋದ ಹಿರಿಯ ಉಂಡ್ರೆ ಒಪ್ಗೆ. ಇನ್ನೊಮ್ಮೆ ಉಣ್ವ ಅಂದ್ರೆ ಹುಡುಗಿ ಬ್ಯಾಡ ಅಂತ. ಅಷ್ಟೂ ಮರ್ತ್ಯಾ?"

ಮರೆತಿದ್ದೆ. ನಮ್ಮ ಕಡೆ ಮುಖಕ್ಕೆ ಹೊಡೆದಂತೆ ಬೇಡ ಎನ್ನುವುದಿಲ್ಲ, ಊಟವನ್ನು ಇನ್ನೊಂದು ದಿನಕ್ಕೆ ಮುಂದೂಡುತ್ತೇವೆ. ಚಿಕ್ಕಂದಿನಿಂದ ಕಂಡ ರೀತಿ. ದತ್ತುವಿನ ಕಣ್ಣು ಕೆಂಪಾಗಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ತಿರುಗಿ ಓಡಿದೆವು. ಬೀರಣ್ಣನವರು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ನಂಗೆ ಹಸಿವು, ಬೀರಣ್ಣನವ್ರೇ. ತಪ್ಪಾಯ್ತು. ಹುಡುಗಿ ನಮ್ಗೆ ಒಪ್ಗೆ."

"ಆ ಹಡಗದಲ್ಲಿ ಉಣ್ಣುಕೆ ಹಾಕ್ಲಿಲ್ವಾ?" ಎಂದರು. ಇನ್ನೊಂದು ಕಾಯಿ ಸುಲಿದರು. "ಎಲೆ ಎತ್ತಾಯ್ತು."

ನಾನು ನಿಂತೇ ಇದ್ದೆ. ಆಮೇಲೆ ಅಡುಗೆಮನೆಯಿಂದ ಅಕ್ಕಿ ಕೇರುವ ಸಪ್ಪಳ ಬಂತು, ಅದರ ಹಿಂದೆಯೇ ಸಾವಿತ್ರಿಯ ದನಿ.

"ಅಪ್ಪಾ, ಅವ್ರಿಗೆ ಕೂತ್ಕಣುಕೆ ಹೇಳು. ಕುಚ್ಚಿಗೆ ಅಕ್ಕಿ ಬೇಯುಕೆ ಹೊತ್ತು ಬೇಕು. ಕೂತ್ಕಣುಕೆ ಆಗುದಿಲ್ಲ ಅಂದ್ರೆ ಈಗ್ಲೇ ಹೇಳ್ಲಿ, ಒಲೆ ಹಚ್ಚುದಿಲ್ಲ."

ಬೀರಣ್ಣನವರು ಮೊದಲ ಬಾರಿ ನನ್ನ ಮುಖ ನೋಡಿದರು.

ಕೂತೆ. ಕಾರವಾರದ ಮೋಟಾರು ಹಾರ್ನ್ ಹೊಡೆದು ಹೋಯಿತು. ಅರಬರ ಹಡಗು ಹಾಯಿ ಬಿಚ್ಚಿತು. ಮಂಡಿ ತನ್ನಷ್ಟಕ್ಕೆ ಕುಣಿಯುತ್ತಿತ್ತು, ಎರಡೂ ಕೈಯಿಂದ ಒತ್ತಿ ಹಿಡಿದೆ. ಆ ಅಕ್ಕಿಯೋ, ಬೇಯುತ್ತಲೇ ಇಲ್ಲ! ಕೊನೆಗೆ ಎಲೆ ಬಿತ್ತು. ನಾನು ಮೊದಲ ತುತ್ತು ಎತ್ತಿದ ಮೇಲೆ ಬೀರಣ್ಣನವರು ದತ್ತುವಿನ ಪಕ್ಕದಲ್ಲಿ ತಮ್ಮ ಎಲೆ ಹಾಕಿಸಿಕೊಂಡು ಕೂತರು.

ಮದುವೆ ಮುಂದಿನ ತಿಂಗಳು. ಆಯಿಗೆ ಸಮಾಧಾನ, ದತ್ತುವಿಗೆ ನೆಲ ಕಾಣುತ್ತಿಲ್ಲ. ನನಗೆ ಮಾತ್ರ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ: ಇಷ್ಟೆಲ್ಲ ದೇಶ ನೋಡಿದೆ ಎಂದು ನಿಮಗೆ ವಾರವಾರವೂ ಬರೆಯುತ್ತೇನಲ್ಲ, ಅಕ್ಕಿ ಬೇಯುವಷ್ಟು ಹೊತ್ತು ಅಲ್ಲಿ ಯಾರ ಮನೆಯಲ್ಲಾದರೂ ಕೂತಿದ್ದೆನೆ?