ಬ್ಯಾಂಡಿನವರ ಕೋಟು

ರೊಟ್ಟಿ ಬಡಿಯುವ ಸದ್ದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇತ್ತು. ಬಸವಕಲ್ಯಾಣದ ನಮ್ಮ ದೊಡ್ಡ ಮನೆಯಲ್ಲಿ ಮಾತ್ರ ಅದಕ್ಕೊಂದು ಜೊತೆಯಿತ್ತು. ಒಲೆಯ ಮುಂದೆ ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರೆ, ಪಡಸಾಲೆಯಲ್ಲಿ ಭಾವನ ಮಗಳು ಸುನಂದಾ ಹಿಟ್ಟಿನ ಡಬ್ಬಿ ಬೋರಲು ಹಾಕಿಕೊಂಡು ಅದೇ ತಾಳಕ್ಕೆ ಬಾರಿಸುತ್ತಿದ್ದಳು. "ಡಬ್ಬಿ ತೆಗ್ಗ ಬಿದ್ರ ನಿನ್ನ ಲಗ್ನದಾಗ ಇದನ್ನೇ ಬಳುವಳಿ ಕೊಡ್ತೀನಿ" ಎಂದು ಅತ್ತೆ ಬೈಯುತ್ತಿದ್ದರು. ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ. "ಯಂಗ್ ಲೇಡೀಸ್ ಡೋಂಟ್ ಟ್ಯಾಪ್ ದೇರ್ ಫೀಟ್" ಎಂದು ಹೈದರಾಬಾದಿನ ಕಾನ್ವೆಂಟಿನ ಸಿಸ್ಟರ್‌ಗಳಿಂದ ಹೇಳಿಸಿಕೊಂಡೇ ಬೆಳೆದು ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಹಾಸ್ಟೆಲಿನಲ್ಲೇ ಕಳೆದುಹೋದ ನನ್ನ ಬಾಲ್ಯ ಈ ಹುಡುಗಿಯ ಗದ್ದಲದೊಳಗೆ ತಡವಾಗಿ ಸಿಕ್ಕಿತು ಎನ್ನಿಸುತ್ತದೆ. ನಿಮಗೂ ಅಂಥ ಗದ್ದಲದ ಮನೆಯೊಂದು ಇದ್ದಿರಬೇಕು.

ತೊಂಬತ್ತರ ದಶಕ. ಊರಿಗೆ ಕೇಬಲ್ ಬಂದ ಹೊಸತು. ಟೀವಿಯಲ್ಲಿ ಉದ್ದ ಕೂದಲಿನ ಗಿಟಾರಿನವರು, ಅವರ ಹರಿದ ಜೀನ್ಸು, ಮಿಲಿಟರಿ ಥರದ ಜರಿಪಟ್ಟಿಯ ಕೋಟುಗಳು ಬಂದವು. ಹುಮನಾಬಾದಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಸುನಂದಾ ಮತ್ತವಳ ಗೆಳತಿಯರಿಗೆ ರಾಕ್ ಎನ್ನುವುದು ಬರೀ ಮ್ಯೂಸಿಕ್ ಆಗಿರಲಿಲ್ಲ, ನಡೆಯುವ ರೀತಿಯೇ ಅದಾಗಿತ್ತು. ಕರಿ ಸಲ್ವಾರ್, ಮಣಿಕಟ್ಟಿಗೆ ಕರವಸ್ತ್ರ, ಕಣ್ಣಿಗೆ ದಪ್ಪ ಕಾಡಿಗೆ. ಜರಿಪಟ್ಟಿಯ ಕೋಟು ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಹುಮನಾಬಾದಿನಲ್ಲಿ ಮದುವೆಯ ಬ್ಯಾಂಡ್ ನಡೆಸುತ್ತಿದ್ದ ಉಸ್ಮಾನ್ ಚಾಚಾನನ್ನು ಕಾಡಿ, ಮೂಲೆಗೆ ಬಿದ್ದಿದ್ದ ಹಳೆಯ ಕೆಂಪು ಕೋಟೊಂದನ್ನು ಇಸಿದುಕೊಂಡು ತೊಟ್ಟುಕೊಂಡೇ ಮನೆಗೆ ಬಂದಳು. ಕಾಲೇಜಿನ ವಾರ್ಷಿಕೋತ್ಸವದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಗ್ಯಾದರಿಂಗಿನಲ್ಲಿ, ಅದನ್ನು ಹಾಕಿಕೊಂಡು ಡ್ರಮ್ಸ್ ಬಾರಿಸುವುದು ಅವಳ ಪ್ಲ್ಯಾನ್.

ಬಟ್ಟೆ ಅಂಗಡಿಯಿಂದ ಊಟಕ್ಕೆ ಬಂದ ಭಾವ ಬಾಗಿಲಲ್ಲೇ ನಿಂತರು. "ತಗೀ ಅದನ್ನ! ನಾಳಿ ಗಂಡಿನವರು ಬಂದ್ರ ಇದು ಸಾವಕಾರ ಮನೀನೋ ಬ್ಯಾಂಡಿನವರ ಮನೀನೋ ಅಂತಾರ. ಗ್ಯಾದರಿಂಗೂ ಬ್ಯಾಡ, ಕಾಲೇಜೂ ಬ್ಯಾಡ."

"ಭಾವಾರ, ಇಟ್ಸ್ ಓನ್ಲಿ ಫ್ಯಾಶನ್ ರಿ" ಎಂದೆ.

"ನಿನ್ನ ಇಂಗ್ಲಿಷು ಕಾನ್ವೆಂಟಿನಾಗ ಇರ್ಲವ್ವ!"

ಸುನಂದಾ ಅಳಲಿಲ್ಲ. ಗುಂಡಿಯೊಂದನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಆಗ ಹಿಟ್ಟಿನ ಕೈಯಲ್ಲೇ ಅತ್ತೆ ಹೊರಬಂದರು.

"ನಿನ್ನ ಲಗ್ನದ ಮೆರವಣಿಗಿ ಮುಂದ ಯಾರ ನಡದಿದ್ರೋ ಚೆನ್ನಪ್ಪ? ಇದೇ ಕೋಟ್ ಹಾಕ್ಕೊಂಡ ಮಂದಿ. ಅವರು ಮುಂದ ನಡದ್ರ ನಿನಗ ಮಾನ, ಅವರ ಕೋಟ್ ನನ್ನ ಮೊಮ್ಮಗಳ ಮೈಮ್ಯಾಲ ಬಂದ್ರ ಅವಮಾನ? ಕಲ್ಯಾಣದಾಗ ಹುಟ್ಟಿ ಇಂಥಾ ಮಾತ ಆಡ್ತಿ. ಹುಡುಗಿ ಹೋಗ್ತಾಳ."

ಭಾವ ಕೈ ತೊಳೆಯಲು ಬಚ್ಚಲಿಗೆ ನಡೆದರು. ಅತ್ತೆ ಕೋಟಿನ ಕಂಕುಳನ್ನು ಎತ್ತಿ ನೋಡಿದರು. "ಹರದೈತಲ್ಲ, ಹೊಲದ ಕೊಡ್ತೀನಿ ತಾ."

"ಆಯಿ, ಹರದದ್ದೇ ಫ್ಯಾಶನ್."

"ಹೌದನ? ಹಂಗಾದ್ರ ನಾವು ಹುಟ್ಟಿದಾಗಿಂದ ಫ್ಯಾಶನ್ನೇ!"

ಗ್ಯಾದರಿಂಗಿಗೆ ನಾನೇ ಜೊತೆಗೆ ಹೋದೆ. ಅವಳು ಬಾರಿಸಿದ್ದು ಚಾಚಾನ ಮದುವೆ ಡ್ರಮ್ಮುಗಳನ್ನೇ. ಹುಡುಗರು ಮೊದಲು ಸಿಳ್ಳೆ ಹಾಕಿ ಅಣಕಿಸಿದರು, "ಬಾರಾತ್ ಬಂತೋ!" ಎಂದು ಕೂಗಿದರು. ಅವಳು ತಲೆ ಎತ್ತಲಿಲ್ಲ. ಜರಿಯ ತೋಳುಗಳು ಹಾರುತ್ತಿದ್ದವು. ನೋಡನೋಡುತ್ತ ಅಣಕದ ಸಿಳ್ಳೆಗಳೇ ಅವಳ ತಾಳ ಹಿಡಿದವು. ನಾನು ಸಿಸ್ಟರ್‌ಗಳನ್ನೆಲ್ಲ ಮರೆತು ಕಾಲು ಕುಟ್ಟಿದೆ. ಅಷ್ಟು ಪ್ರೌಡ್ ಆಗಿ ನಾನು ಇನ್ನೆಲ್ಲೂ ಕೂತಿಲ್ಲ. ಮರುವಾರದಿಂದ ಕಾಲೇಜಿನ ಹುಡುಗಿಯರು ಕುರ್ತಾದ ತೋಳಿಗೆ ಹೊಲಿಸಿಕೊಳ್ಳಲು ಜರಿಪಟ್ಟಿ ಕೇಳಿಕೊಂಡು ನಮ್ಮ ಅಂಗಡಿಗೇ ಬರತೊಡಗಿದರು. "ಲೇಟೆಸ್ಟ್ ಐತ್ರಿ, ನಮ್ಮ ಹುಡುಗೀನೇ ಶುರು ಮಾಡಿದ್ದು" ಎಂದು ಭಾವ ಗತ್ತಿನಿಂದ ಅಳೆದು ಕೊಡುತ್ತಿದ್ದರು.

ಆ ಮನೆ ಈಗಿಲ್ಲ. ಅತ್ತೆ ಹೋದ ಮೇಲೆ ಪಾಲಾಯಿತು, ಪಡಸಾಲೆಯಿದ್ದಲ್ಲಿ ಮೊಬೈಲ್ ಅಂಗಡಿಗಳಿವೆ. ಸುನಂದಾ ಪುಣೆಯಲ್ಲಿ ಮಕ್ಕಳಿಗೆ ಡ್ರಮ್ಸ್ ಕಲಿಸುತ್ತಾಳೆ. ಮನೆಯ ಅಂಗಳ ಕೊನೆಯ ಸಲ ತುಂಬಿದ್ದು ಅವಳ ಮದುವೆಯಲ್ಲಿ. ಬ್ಯಾಂಡು ಚಾಚಾನದೇ. ಬಾರಿಸುವವರು ಎಲ್ಲರ ಊಟವಾದ ಮೇಲೆ ಹಿತ್ತಲಲ್ಲಿ ಉಣ್ಣುವುದು ನಮ್ಮಲ್ಲಿ ನಡೆದುಬಂದ ರೂಢಿ. ಅಂದು ಬೀಗರು ಮೊದಲ ಪಂಕ್ತಿಗೆ ಕೂತಾಗ ಭಾವ ಎದ್ದುಹೋಗಿ ಚಾಚಾನ ಕೈ ಹಿಡಿದು ಕರೆತಂದರು. "ಬರ್ರಿ ಚಾಚಾ, ನನ್ನ ಬಾಜೂಕ ಕೂಡ್ರಿ." ಬೀಗರಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು. ಭಾವ ಅತ್ತ ತಿರುಗಲಿಲ್ಲ. ಅತ್ತೆ ತಾವೇ ಬಾಗಿ ಹೋಳಿಗೆಯ ಮೇಲೆ ತುಪ್ಪ ಸುರಿದರು. "ಬಸ್ ಮಾ, ಬಸ್" ಎಂದು ಚಾಚಾ ಎಲೆಗೆ ಕೈ ಅಡ್ಡ ಹಿಡಿದರೆ, ಅತ್ತೆ ಕೈಯ ಮೇಲೇ ಸುರಿದರು. ತುಪ್ಪ ಸೋರುವ ಆ ಕೈಯನ್ನು ಹೊಸ ಕೋಟಿಗೆ ತಾಗದಂತೆ ಎತ್ತಿ ಹಿಡಿದು ಚಾಚಾ ನಗುತ್ತಿದ್ದರು. ನಾನು ಅವರನ್ನು ಕಂಡಿದ್ದು ಅದೇ ಕೊನೆ.