ಗ್ರೀನ್ ಹೌಸಿನ ಜಡೆ

ಅವತ್ತು ಬೆಳಿಗ್ಗೆಯೂ ಉಪ್ಪಿಟ್ಟೇ. ಶಾಲೆಯಲ್ಲಿ ಗ್ರೀನ್ ಹೌಸಿನ ಲೀಡರ್ ಆಗಿರುವ ನನ್ನ ಮಗಳು ನಿಂತೇ ಎರಡು ತುತ್ತು ತಿಂದು ಪಕ್ಕದ ಮನೆಗೆ ಓಡಿದಳು. ಅಲ್ಲಿಯ ಆರನೇ ತರಗತಿಯ ಹುಡುಗಿಯದೂ ಅದೇ ಹೌಸು. ದಿನಾ ತಡವಾಗಿ ಹೋಗಿ ಹೌಸಿನ ಅಂಕ ಕಳೆಯುತ್ತಾಳೆಂದು ಉಳಿದವರು ಬೈದಿದ್ದಕ್ಕೆ, ಇನ್ನು ಶಾಲೆಗೇ ಹೋಗುವುದಿಲ್ಲವೆಂದು ಅಳುತ್ತ ಕೂತಿದ್ದಳು.

ಕಿಟಕಿಯಿಂದ ನೋಡಿದೆ. ಮಗಳು ಕಟ್ಟೆಯ ಮೇಲೆ ಕೂತು ಅವಳಿಗೆ ಜಡೆ ಹಾಕುತ್ತಿದ್ದಳು. ತನ್ನ ಜಡೆಯನ್ನು ಇನ್ನೂ ನನ್ನ ಕೈಲೇ ಹಾಕಿಸಿಕೊಳ್ಳುವವಳು!

“ಅಳಬ್ಯಾಡಲೇ, ಅಂಕ ಹೋದ್ರ ಹೋಗ್ಲಿ. ನೀನಿಲ್ಲಂದ್ರ ಖೋಖೋದಾಗ ನಮ್ಮ ಕಡಿಂದ ಓಡೋರ್ಯಾರು?”

ಹುಡುಗಿ ಮೂಗೊರೆಸಿಕೊಂಡು ಎದ್ದಳು. ಇಬ್ಬರೂ ಕೈಹಿಡಿದು ಓಡಿ, ಪ್ರಾರ್ಥನೆಯ ಗಂಟೆಗೆ ಮೊದಲೇ ಮುಟ್ಟಿದರಂತೆ. ಇಡೀ ಹೌಸು ಚಪ್ಪಾಳೆ ತಟ್ಟಿತಂತೆ.

ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಹುಡುಗಿಯ ತಾಯಿ ಗೋಡೆಯಾಚೆಯಿಂದ ಕೂಗಿದರು: “ಅಕ್ಕಾರ, ನಾಳೆನೂ ನಿಮ್ಮ ಮಗಳನ್ನ ಕಳಸ್ರಿ. ನಮ್ಮ ಮನಿಯವ್ರನ್ನೂ ಹೊರಡಿಸ್ಲಿ, ಅಂಗಡಿ ತೆಗಿಯಾಕ ದಿನಾ ಲೇಟ್ ಮಾಡ್ತಾರ!”